ಸ್ವಿಫ್ಟ್‌ಗೆ 16 ಇಂಚಿನ ಅಲಾಯ್ ಹಾಕಿಸಿದೆ, ಟೈರ್ ಉಜ್ಜುತ್ತಿದೆ. ಏನು ಮಾಡಲಿ?

ಘಟ್ಟದಮೇಲಿನವ, ಶಿರಸಿ

ಎಲ್ಲರಿಗೂ ನಮಸ್ಕಾರ. ನನ್ನದು 2019ರ ಸ್ವಿಫ್ಟ್ ವಿಎಕ್ಸ್ಐ. ಕಂಪನಿಯಿಂದ ಬಂದದ್ದು 165/80 ಆರ್14 ಟೈರ್, ಕಬ್ಬಿಣದ ರಿಮ್. ಗಾಡಿ ಚೆನ್ನಾಗಿದ್ದರೂ ಚಕ್ರ ಮಾತ್ರ ಕೊಕ್ಕರೆ ಕಾಲಿನ ಹಾಗೆ ಕಾಣುತ್ತಿತ್ತು. ಅದಕ್ಕೇ ಹುಬ್ಬಳ್ಳಿಗೆ ಹೋದಾಗ 16 ಇಂಚಿನ ಅಲಾಯ್, 205/55 ಟೈರ್ ಹಾಕಿಸಿಕೊಂಡು ಬಂದೆ. ಅಂಗಡಿಯವರು "ಎಲ್ಲರೂ ಇದನ್ನೇ ಹಾಕಿಸುತ್ತಾರೆ ಸರ್, ಏನೂ ಆಗುವುದಿಲ್ಲ" ಅಂದರು. ಶಿರಸಿಗೆ ಬರುವವರೆಗೂ ಏನೂ ಆಗಲಿಲ್ಲ, ನಿಜ. ನಾನೊಬ್ಬನೇ ಇದ್ದೆ, ರಸ್ತೆಯೂ ಹೆಚ್ಚುಕಡಿಮೆ ನೇರ.

ಕುಮಟಾ ಕಡೆ ಇಳಿದಾಗ ಗೊತ್ತಾಯಿತು. ದೇವಿಮನೆ ಘಟ್ಟದ ತಿರುವುಗಳಲ್ಲಿ ಸ್ಟೇರಿಂಗ್ ಜಾಸ್ತಿ ತಿರುಗಿಸಿದರೆ ಮುಂದಿನ ಎಡಗಡೆ ಚಕ್ರದಿಂದ ಸರ್ರ್ ಅಂತ ಶಬ್ದ. ಹಿಂದೆ ಮೂರು ಜನ ಕೂತು ಡಿಕ್ಕಿಯಲ್ಲಿ ಅಡಿಕೆ ಚೀಲವೂ ಇದ್ದರೆ ಮುಗಿಯಿತು, ಸ್ವಲ್ಪ ದೊಡ್ಡ ಹೊಂಡ ಬಂದರೂ ಹಿಂದಿನ ಟೈರ್ ಮೇಲೆ ಬಡಿಯುತ್ತದೆ. ಇಳಿದು ನೋಡಿದರೆ ಟೈರಿನ ಹೊರ ಅಂಚಿನಲ್ಲಿ ಸುತ್ತಲೂ ಗೆರೆ ಎಳೆದ ಹಾಗೆ ಸವೆದಿದೆ.

ಒಬ್ಬರು ಒಳಗಿನ ಪ್ಲಾಸ್ಟಿಕ್ ಕತ್ತರಿಸು ಅನ್ನುತ್ತಾರೆ, ಇನ್ನೊಬ್ಬರು ಸ್ಪ್ರಿಂಗ್ ಬಫರ್ (ಸ್ಪ್ರಿಂಗ್ ಸುರುಳಿಗಳ ನಡುವೆ ಇಡುವ ರಬ್ಬರ್) ಹಾಕು ಅನ್ನುತ್ತಾರೆ. ಅಲಾಯ್ ವಾಪಸ್ ಕೊಡುವ ಮನಸ್ಸಿಲ್ಲ. ಯಾರಾದರೂ ಮಾಡಿಸಿದವರಿದ್ದರೆ ಹೇಳಿ.

ಕಾಳಿ_ಸೇತುವೆ, ಕಾರವಾರ

ಸ್ಪೇಸರ್ ಹಾಕಿಸಿ ಬ್ರೋ, ಚಕ್ರದ ಹಿಂದೆ ಕೂರಿಸುವ ಬಿಲ್ಲೆ. ಐದು ಎಂಎಂ ಸಾಕು. ನನ್ನ ಫ್ರೆಂಡ್ ಗಾಡಿಗೆ ಅದರಿಂದಲೇ ಸರಿಯಾಯಿತು.

ಗೇರುಹಣ್ಣು, ಕುಮಟಾ

ಸ್ಪೇಸರ್ ಈಗಲೇ ಬೇಡ ಮಾರಾಯ್ರೇ. ಸ್ಪೇಸರ್ ಚಕ್ರವನ್ನು ಇನ್ನೂ ಹೊರಗೆ ತಳ್ಳುತ್ತದೆ. ಟೈರ್ ಒಳಗಡೆ, ಅಂದರೆ ಶಾಕ್ ಅಬ್ಸಾರ್ಬರ್ ಪಕ್ಕ ತಾಗುತ್ತಿದ್ದರೆ ಮಾತ್ರ ಅದರಿಂದ ಉಪಯೋಗ. ಮೇಲಿನವರ ಫ್ರೆಂಡ್‌ಗೆ ಹಾಗೆ ಆಗಿದ್ದಿರಬಹುದು. ನಿಮ್ಮದು ಹೊರ ಅಂಚು ಸವೆದಿದೆ ಅನ್ನುತ್ತಿದ್ದೀರಿ, ಅಲ್ಲಿಗೆ ಸ್ಪೇಸರ್ ಹಾಕಿದರೆ ಇದ್ದ ಜಾಗವೂ ಹೋಗುತ್ತದೆ.

ಮೊದಲು ಟೈರಿನ ಎತ್ತರ ಲೆಕ್ಕ ಹಾಕಿ. 165/80 ಆರ್14 ಅಂದರೆ ಟೈರ್ ಅಗಲ 165 ಎಂಎಂ, ಪಕ್ಕದ ಗೋಡೆ ಅದರ ಶೇಕಡಾ 80, ರಿಮ್ 14 ಇಂಚು. ಒಟ್ಟು ವ್ಯಾಸ ಸುಮಾರು 620 ಎಂಎಂ. ನೀವು ಹಾಕಿಸಿದ 205/55 ಆರ್16 ಸುಮಾರು 632. ಅಂದರೆ 12 ಎಂಎಂ ದೊಡ್ಡದು, ಮೇಲ್ಗಡೆ ಆರು ಎಂಎಂ ಜಾಗ ತಿಂದಿತು. ಶೇಕಡಾ ಎರಡು ಅಷ್ಟೇ, ಅದೊಂದರಿಂದಲೇ ಇಷ್ಟು ರಂಪ ಆಗುವುದಿಲ್ಲ. ನನಗೆ ಅನುಮಾನ ಇರುವುದು ರಿಮ್ಮಿನ ಅಗಲ ಮತ್ತು ಆಫ್‌ಸೆಟ್ ಮೇಲೆ. ಆಫ್‌ಸೆಟ್ ಅಂದರೆ ಚಕ್ರ ಗಾಡಿಗೆ ಕೂರುವ ಮುಖ ರಿಮ್ಮಿನ ನಡುಗೆರೆಯಿಂದ ಎಷ್ಟು ಎಂಎಂ ಹೊರಗಿದೆ ಅನ್ನುವ ಅಳತೆ, ಇಟಿ ಅಂತ ಬರೆಯುತ್ತಾರೆ. ನಮ್ಮ ಅಂಗಡಿಗಳಲ್ಲಿ ಎಷ್ಟು ಇಂಚು, ಎಷ್ಟು ಹೋಲ್ ಅಂತ ಕೇಳುತ್ತಾರೆ, ಇಟಿ ಎಷ್ಟು ಅಂತ ಕೇಳುವವರು ಕಡಿಮೆ.

ಚಕ್ರ ಬಿಚ್ಚಿ ಅಲಾಯ್ ಹಿಂಭಾಗ ನೋಡಿ. 16x7ಜೆ, ಇಟಿ 35 ಈ ತರಹ ಅಚ್ಚು ಇರುತ್ತದೆ, 7ಜೆ ಅಂದರೆ ರಿಮ್ ಏಳು ಇಂಚು ಅಗಲ. ಹಳೇ ಕಬ್ಬಿಣದ ರಿಮ್ಮಿನಲ್ಲೂ ಇರುತ್ತದೆ, ತುಕ್ಕು ಹಿಡಿದಿದ್ದರೆ ಬ್ರಷ್ ಹಾಕಿ ಉಜ್ಜಿ. ಎರಡನ್ನೂ ಇಲ್ಲಿ ಹಾಕಿ.

ಇನ್ನೊಂದು, ಎಲ್ಲಿ ತಾಗುತ್ತಿದೆ ಅಂತ ಅಂದಾಜಿನಲ್ಲಿ ಹೇಳಬೇಡಿ. ಮನೆಯಲ್ಲಿ ಕವಳದ ಸುಣ್ಣ ಇದ್ದೇ ಇರುತ್ತದೆ ಅಲ್ವಾ, ಅದನ್ನು ಟೈರಿನ ಎರಡೂ ಭುಜಕ್ಕೆ, ಒಳಗೂ ಹೊರಗೂ ದಪ್ಪಗೆ ಬಳಿದು ಒಣಗಲು ಬಿಡಿ. ಆಮೇಲೆ ಹಿಂದೆ ಮೂರು ಜನರನ್ನು ಕೂರಿಸಿ, ಅಂಗಳದಲ್ಲೇ ಸ್ಟೇರಿಂಗ್ ಪೂರ್ತಿ ಎಡಕ್ಕೆ ಒಂದು ಸುತ್ತು, ಬಲಕ್ಕೆ ಒಂದು ಸುತ್ತು, ರಿವರ್ಸ್‌ನಲ್ಲೂ ಹಾಗೇ. ದಣಪೆ ಹತ್ತಿರ ಏರು ಇದ್ದರೆ ಒಂದು ಚಕ್ರ ಅದರ ಮೇಲೆ ಹತ್ತಿಸಿ. ಇಳಿದು ಟಾರ್ಚ್ ಬಿಟ್ಟು ನೋಡಿ. ಕಪ್ಪು ಪ್ಲಾಸ್ಟಿಕ್ ಮೇಲೆ ಬಿಳಿ ಎಲ್ಲಿ ಹತ್ತಿದೆಯೋ ಅದೇ ಜಾಗ. ಮಳೆ ಬಂದ ದಿನ ಮಾಡಬೇಡಿ, ಎಲ್ಲಾ ತೊಳೆದು ಹೋಗುತ್ತದೆ.

ಘಟ್ಟದಮೇಲಿನವ, ಶಿರಸಿ

ಸುಣ್ಣದ ಐಡಿಯಾ ಸೂಪರ್. ಅಪ್ಪಯ್ಯ ಡಬ್ಬಿ ಕೊಡಲು ತಕರಾರು ಮಾಡಿದರು, ಆದರೂ ಆಯಿತು.

ಅಲಾಯ್ ಮೇಲೆ ಇರುವುದು 16x7ಜೆ, ಇಟಿ 35. ನೀವು ಉದಾಹರಣೆಗೆ ಬರೆದದ್ದೇ! ಹಳೇ ರಿಮ್ಮಿನಲ್ಲಿ 5ಜೆ ಕಾಣುತ್ತದೆ, ಇಟಿ ನಂಬರ್ ತುಕ್ಕಿನಲ್ಲಿ ಸರಿಯಾಗಿ ಓದಲಿಕ್ಕಾಗಲಿಲ್ಲ, 45 ಇದ್ದ ಹಾಗಿದೆ. ಸುಣ್ಣ ಹತ್ತಿದ್ದು ಮುಂದೆ ಎರಡೂ ಕಡೆ ಲೈನರ್‌ನ (ಒಳಗಿನ ಆ ಪ್ಲಾಸ್ಟಿಕ್) ಹಿಂಭಾಗ, ಮಡ್‌ಫ್ಲ್ಯಾಪ್ ಸ್ಕ್ರೂ ಇರುವಲ್ಲಿ. ಎಡಗಡೆ ಜಾಸ್ತಿ. ಹಿಂದೆ ಫೆಂಡರ್ (ಚಕ್ರದ ಮೇಲಿನ ಕಮಾನು) ಒಳಗೆ ತಗಡು ಮಡಚಿರುತ್ತದಲ್ಲ, ಆ ತುಟಿಗೆ. ಶಾಕ್ ಅಬ್ಸಾರ್ಬರ್ ಪಕ್ಕ ಏನೂ ಇಲ್ಲ, ಕ್ಲೀನ್.

ಗೇರುಹಣ್ಣು, ಕುಮಟಾ

ಹಾಗಾದರೆ ವಿಷಯ ಸ್ಪಷ್ಟ. ಹಳೆಯದು 5ಜೆ ಇಟಿ 45 ಅಂತಲೇ ಇಟ್ಟುಕೊಳ್ಳಿ. ಹೊಸದು ಎರಡು ಇಂಚು ಅಗಲ, ಅಂದರೆ 51 ಎಂಎಂ. ಅರ್ಧ ಒಳಗೆ, ಅರ್ಧ ಹೊರಗೆ. ಅದರ ಮೇಲೆ ಇಟಿ ಹತ್ತು ಕಡಿಮೆಯಾದರೆ ಇಡೀ ಚಕ್ರ ಹತ್ತು ಎಂಎಂ ಹೊರಗೆ ಸರಿಯುತ್ತದೆ. ಒಟ್ಟು ಲೆಕ್ಕ: ರಿಮ್ಮಿನ ಹೊರ ಅಂಚು ಸುಮಾರು 35 ಎಂಎಂ ಹೊರಗೆ ಬಂತು, ಒಳ ಅಂಚು 15 ಎಂಎಂ ಒಳಗೆ ಹೋಯಿತು. 35 ಎಂಎಂ ಅಂದರೆ ಎರಡು ಬೆರಳು ಅಗಲ! ತಾಗದೇ ಇನ್ನೇನಾಗುತ್ತದೆ. ಇದೇ ರಿಮ್ 6ಜೆ ಇಟಿ 45 ಇದ್ದಿದ್ದರೆ ಎರಡೂ ಕಡೆ 13 ಎಂಎಂ ಅಷ್ಟೇ ಬೆಳೆಯುತ್ತಿತ್ತು.

ಟೈರನ್ನಾದರೂ 195/55 ಆರ್16 ಮಾಡಿಸಿ ಅಂತ ಕೆಲವರು ಹೇಳುತ್ತಾರೆ. ಅದರ ವ್ಯಾಸ 621, ಹಳೆಯದಕ್ಕೆ ಸರಿಸಮ. ಮುಂದೆ ಮಡ್‌ಫ್ಲ್ಯಾಪ್ ಸ್ಕ್ರೂ ಹತ್ತಿರದ ಶಬ್ದ ಬಹುಶಃ ಹೋಗುತ್ತದೆ. ಹಿಂದಿನದು ನನಗೆ ಧೈರ್ಯ ಇಲ್ಲ, ರಿಮ್ ಅಲ್ಲೇ ಹೊರಗೆ ಇರುತ್ತದಲ್ಲ.

ಸ್ಪ್ರಿಂಗ್ ಬಫರ್ ಬಗ್ಗೆ: ಹಿಂದೆ ಹಾಕಿದರೆ ಗಾಡಿ ಕಡಿಮೆ ಕೂರುತ್ತದೆ, ಶಬ್ದವೂ ಕಡಿಮೆಯಾಗುತ್ತದೆ. ಆದರೆ ಗಾಡಿ ಕುಪ್ಪಳಿಸಲು ಶುರು. ಖಾಲಿ ಗಾಡಿಯಲ್ಲಿ ಒದ್ದೆ ರಸ್ತೆಯ ತಿರುವಿನಲ್ಲಿ ಹಿಂಭಾಗ ಕುಪ್ಪಳಿಸುವುದು ಒಳ್ಳೆಯದಲ್ಲ. ಮುಂದಿನ ಚಕ್ರಕ್ಕಂತೂ ಅದರಿಂದ ಏನೂ ಆಗುವುದಿಲ್ಲ.

ಕಡಲತಡಿ, ಅಂಕೋಲಾ

ಫೆಂಡರ್ ರೋಲ್ ಮಾಡಿಸಬಹುದು ಅಂತ ಯಾರಾದರೂ ಹೇಳುವ ಮೊದಲೇ ನಾನು ಬರೆಯುತ್ತೇನೆ. ಒಳಗಿನ ಆ ತಗಡಿನ ತುಟಿಯನ್ನು ಮೇಲಕ್ಕೆ ಮಡಚುವುದು. ಹೀಟ್ ಗನ್ನಿನಿಂದ ಬಿಸಿ ಮಾಡಿ ನಿಧಾನ ಮಡಚಿದರೂ ಪೇಂಟ್ ಕೂದಲೆಳೆಯಷ್ಟು ಬಿರುಕು ಬಿಡುವ ಸಾಧ್ಯತೆ ಇದ್ದೇ ಇದೆ, ಮೇಲಿಂದ ಕಾಣುವುದಿಲ್ಲ. ಬಯಲುಸೀಮೆಯಲ್ಲಿ ನಡೆದೀತು. ನಮ್ಮಲ್ಲಿ ಉಪ್ಪು ಗಾಳಿ, ನಿಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ. ಚಕ್ರ ಎರಚಿದ ಕೆಸರು ಅಲ್ಲೇ ಕೂತಿರುತ್ತದೆ. ನಮ್ಮ ಮನೆ ಹತ್ತಿರದ ಒಂದು ಗಾಡಿಯಲ್ಲಿ ಹೀಗೇ ಮಡಚಿಸಿದ್ದರು, ಈಗ ಹಿಂದಿನ ಎರಡೂ ಕಮಾನು ಹಪ್ಪಳೆ ಎದ್ದಿವೆ, ಉಗುರಿನಲ್ಲಿ ಕೆರೆದರೆ ಉದುರುತ್ತದೆ. ಮಾಡಿಸಲೇಬೇಕು ಅಂತಿದ್ದರೆ ಆ ಮಡಿಕೆಗೆ ಪ್ರೈಮರ್, ಸೀಲಂಟ್ ಹಾಕಿಸದೆ ಗಾಡಿ ಹೊರಗೆ ತರಬೇಡಿ.

ಲೈನರ್ ಕತ್ತರಿಸುವುದೂ ಅಷ್ಟೇ. ಪ್ಲಾಸ್ಟಿಕ್ ಹೋದರೆ ಹಿಂದಿರುವ ವೈರು, ತಗಡು ಎಲ್ಲಕ್ಕೂ ಕೆಮ್ಮಣ್ಣಿನ ನೀರು. ಹೀಟ್ ಗನ್ನಿನಿಂದ ಸ್ವಲ್ಪ ಒತ್ತಿ ಹಿಂದಕ್ಕೆ ಮಾಡಬಹುದು, ಮಡ್‌ಫ್ಲ್ಯಾಪ್ ಬಿಚ್ಚಿ ಸಣ್ಣದು ಹಾಕಬಹುದು. ಅದಕ್ಕಿಂತ ಜಾಸ್ತಿ ಬೇಡ.

ಕಾಳಿ_ಸೇತುವೆ, ಕಾರವಾರ

ಸರಿ ಸರಿ, ಸ್ಪೇಸರ್ ವಾಪಸ್ ತಗೊಂಡೆ 😀 ಆದರೆ ಇನ್ಶೂರೆನ್ಸ್‌ನವರು ಏನನ್ನುತ್ತಾರೆ? 16 ಇಂಚು ಆ ಗಾಡಿಗೆ ಕಂಪನಿಯೇ ಕೊಡುವುದಿಲ್ಲ ಅಲ್ವಾ?

ಬನವಾಸಿ_ರೋಡ್, ಶಿರಸಿ

ಒಳ್ಳೆ ಪ್ರಶ್ನೆ. ಗಾಡಿ ಮಾರ್ಪಾಡಿನ ಬಗ್ಗೆ ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಇದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಮಾರ್ಪಾಡು ಮಾಡಬಾರದು ಅಂತ ಹೇಳಿದೆ. ಅಲಾಯ್ ಹಾಕಿದ್ದಕ್ಕೆ ದಿನಾ ಯಾರೂ ಹಿಡಿಯುವುದಿಲ್ಲ, ನಿಜ. ಆದರೆ ಕ್ಲೇಮ್ ಬಂದಾಗ ಸರ್ವೇಯರ್ ಮೊದಲು ನೋಡುವುದೇ ಕಣ್ಣಿಗೆ ಬೀಳುವಂಥದ್ದನ್ನು. ಚಕ್ರ ಫೆಂಡರ್‌ನಿಂದ ಹೊರಗೆ ಇಣುಕುತ್ತಿದ್ದರೆ ಸುಮ್ನೆ ಬಿಡುತ್ತಾರಾ?

ನನ್ನ ಮಾತು ಕೇಳುವುದಾದರೆ ಈ ಅಲಾಯ್ ಮಾರಿಬಿಡಿ. ಅದೇ ಸ್ವಿಫ್ಟ್‌ನ ಮೇಲಿನ ಮಾಡೆಲ್‌ಗೆ ಕಂಪನಿಯೇ 185/65 ಆರ್15 ಕೊಟ್ಟಿದೆ. ವ್ಯಾಸ 621.5, ಸ್ಪೀಡೋಮೀಟರ್ ಲೆಕ್ಕ ತಪ್ಪುವುದಿಲ್ಲ. ದೊಡ್ಡ ಅಲಾಯ್‌ಗೆ ಹೋಗುವವರು ಬಿಚ್ಚಿಟ್ಟ ಕಂಪನಿ 15 ಇಂಚಿನ ಸೆಟ್ ಸೆಕೆಂಡ್ ಹ್ಯಾಂಡ್ ಸಿಗುತ್ತದೆ, ನಾನು ಹಾಕಿಸಿದ್ದು ಅದನ್ನೇ. ಯಾಣದ ರಸ್ತೆಗೆ ಐದು ಜನ ಕೂತು ಹೋಗುತ್ತೇವೆ, ಒಂದು ಕಡೆಯೂ ತಾಗಿಲ್ಲ. ಟೈರಿನ ಪಕ್ಕದ ಗೋಡೆ ಎತ್ತರ 120 ಎಂಎಂ ಸಿಗುತ್ತದೆ, 195/55ರಲ್ಲಿ ಅದು 107. ಮಳೆಗಾಲದಲ್ಲಿ ನೀರು ತುಂಬಿದ ಹೊಂಡಕ್ಕೆ ಗೊತ್ತಾಗದೆ ಇಳಿಸಿದಾಗ ಆ 13 ಎಂಎಂ ಬೆಲೆ ತಿಳಿಯುತ್ತದೆ. ಗೋಡೆ ಸಣ್ಣದಾದಷ್ಟೂ ರಿಮ್ ಬಾಗುವುದು, ಟೈರ್ ಪಕ್ಕದಲ್ಲಿ ಉಬ್ಬು ಬರುವುದು ಜಾಸ್ತಿ.

ಘಟ್ಟದಮೇಲಿನವ, ಶಿರಸಿ

ಮನಸ್ಸಿಗೆ ಬೇಜಾರಾದರೂ 15 ಇಂಚೇ ಸರಿ ಅನಿಸುತ್ತಿದೆ. ಅಲಾಯ್ ಮಾರಲು ಹಾಕುತ್ತೇನೆ, ಯಾರಿಗಾದರೂ ಬೇಕಿದ್ದರೆ ಮೆಸೇಜ್ ಮಾಡಿ. ಕಂಪನಿ ಸೆಟ್ ಸಿಗುವವರೆಗೆ ಹಳೇ ಕಬ್ಬಿಣದ್ದೇ. ಒಂದು ಡೌಟು, ಇಲ್ಲಿ ಒಬ್ಬರ ಹತ್ತಿರ ಹೋಂಡಾದ 15 ಇಂಚಿನ ಅಲಾಯ್ ಇದೆ, ನಾಲ್ಕೇ ಹೋಲು, 100 ಪಿಸಿಡಿ (ಹೋಲುಗಳ ಸುತ್ತಿನ ವ್ಯಾಸ 100 ಎಂಎಂ). ಅದು ಆಗುತ್ತದಾ?

ಗೇರುಹಣ್ಣು, ಕುಮಟಾ

ಕೂರುತ್ತದೆ, ಆದರೆ ಹಾಗೇ ಹಾಕಬೇಡಿ. ಸ್ವಿಫ್ಟ್ ಹಬ್, ಅಂದರೆ ಚಕ್ರದ ನಡುತೂತು ಕೂರುವ ಭಾಗ, 54.1 ಎಂಎಂ, ಹೋಂಡಾದ್ದು 56.1. ಮಧ್ಯೆ ರಿಂಗ್ ಹಾಕದಿದ್ದರೆ ಚಕ್ರ ನಡುವಿಗೆ ಕೂರದೆ ಸ್ಟೇರಿಂಗ್ ನಡುಗಬಹುದು. ನಟ್ ಅಂತೂ ಹೋಂಡಾದ್ದು ಬೇಡವೇ ಬೇಡ. ಸುಜುಕಿ ಥ್ರೆಡ್ 12x1.25, ಹೋಂಡಾ 12x1.5, ಬಲವಂತ ಮಾಡಿದರೆ ಸ್ಟಡ್ ಹಾಳು. ಹಾಗಂತ ನಿಮ್ಮ ನಟ್ಟೂ ಆ ರಿಮ್ಮಿಗೆ ಸರಿ ಕೂರುವುದಿಲ್ಲ. ಹೋಂಡಾ ಕಂಪನಿ ಅಲಾಯ್‌ನಲ್ಲಿ ನಟ್ ಕೂರುವ ಜಾಗ ಗುಂಡಗೆ ಇರುತ್ತದೆ, ನಿಮ್ಮದು ಕೋನ್. ಇಷ್ಟೆಲ್ಲ ರಗಳೆ ಯಾಕೆ, ಸುಜುಕಿ ಸೆಟ್ಟೇ ಹುಡುಕಿ. ಹಾಕಿಸಿದ ಮೇಲೆ ಐವತ್ತು ನೂರು ಕಿಲೋಮೀಟರ್ ಓಡಿಸಿ ನಟ್ ಇನ್ನೊಮ್ಮೆ ಚೆಕ್ ಮಾಡಿಸಿ.