ಓದುಗರ ಸ್ಪಂದನ: ಮಗ ನಕ್ಕ, ಅಪ್ಪ ಎದ್ದು ಹೋದರು

ಕಳೆದ ಸಂಚಿಕೆಯಲ್ಲಿ ಬಳ್ಳಾರಿಯ ಓದುಗರೊಬ್ಬರು ಬರೆದಿದ್ದರು. ಜೀನ್ಸ್ ಯೂನಿಟ್‌ನಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದವರಿಗೆ ನಾಲ್ಕು ತಿಂಗಳಿಂದ ಕೆಲಸವಿಲ್ಲ. ಹೆಂಡತಿಯ ಹೊಲಿಗೆಯಲ್ಲಿ ಮನೆ ನಡೆಯುತ್ತಿದೆ. ಮಗನ ಜೊತೆ ‘ದಿ ಸಿಂಪ್ಸನ್ಸ್’ ಕಾರ್ಟೂನ್ ನೋಡುತ್ತಿದ್ದರು. ಅದರಲ್ಲಿ ಕೆಲಸ ಹೋದ ಅಪ್ಪ ಹೋಮರ್, ಬಿಯರ್ ದುಡ್ಡಿಗಾಗಿ ಮಗನ ಹುಂಡಿ ಒಡೆಯುತ್ತಾನೆ. ಮಗ ನಕ್ಕ. ಇವರು ಎದ್ದು ಮಾಳಿಗೆಗೆ ಹೋದರು. ‘ಗಳಿಸದ ಗಂಡಸು ಯಾತಕ್ಕೆ?’ ಎಂದು ಕೇಳಿದ್ದರು.

ಅಣ್ಣಾ, 2011ರಲ್ಲಿ ಗಣಿ ನಿಂತಾಗ ನನ್ನ ಲಾರಿಯೂ ಮನೆ ಮುಂದೆ ನಿಂತಿತು. ಟಯರ್ ಗಾಳಿ ಇಳಿಯಿತು, ಬ್ಯಾಂಕಿನ ಕಂತು ಇಳಿಯಲಿಲ್ಲ. ಎಂಟು ತಿಂಗಳು ದಿನಾ ಇಸ್ತ್ರಿ ಅಂಗಿ ಹಾಕಿಕೊಂಡು ರಾಯಲ್ ಸರ್ಕಲ್ ಕಡೆ ಹೋಗುತ್ತಿದ್ದೆ. ಮನೇಲಿ ಹೇಳಿದ್ದು ಕೆಲಸ ಹುಡುಕುತ್ತೇನೆ ಅಂತ. ಹುಡುಕುತ್ತಿದ್ದದ್ದು ಗುರುತಿನವರು ಕಾಣದ ಜಾಗ. ಒಗ್ಗರಣೆ ಮಿರ್ಚಿಗೂ ಹೆಂಡತಿಯನ್ನು ದುಡ್ಡು ಕೇಳಬಾರದು ಅಂತ ಸುಮ್ನೆ ಹಸಿದಿರುತ್ತಿದ್ದೆ. ಒಂದು ದಿನ ಅಂಗಿ ಜೇಬಿಗೆ ಕೈ ಹಾಕಿದರೆ ಹತ್ತರ ಎರಡು ನೋಟು, ಸಣ್ಣಗೆ ಮಡಚಿಟ್ಟದ್ದು. ಅವಳಿಗೆ ಮೊದಲೇ ಎಲ್ಲಾ ಗೊತ್ತಿತ್ತು. ಕಣ್ಣೀರು ಬಂತು ಅಂತ ಬರೆದರೆ ಚೆಂದ, ಆದರೆ ನನಗೆ ಬಂದದ್ದು ಸಿಟ್ಟು. ಮನೆಗೆ ಹೋಗಿ ಜಗಳ ಆಡಿದೆ. ಆ ಜಗಳದಲ್ಲೇ ನಿಜ ಹೊರಗೆ ಬಂತು. ಮರುವಾರ ಲಾರಿ ಮಾರಿದೆವು, ನಷ್ಟಕ್ಕೇ. ಈಗ ಗೂಡ್ಸ್ ಆಟೋ ಓಡಿಸುತ್ತೇನೆ.
– ಕೌಲ್ ಬಜಾರ್, ಬಳ್ಳಾರಿ

ಅಣ್ಣಾರ, ಇಷ್ಟುದ್ದ ಪತ್ರದಲ್ಲಿ ನಿಮ್ಮ ಹೆಂಡತಿ ಏನಂದರು ಅನ್ನೋದೇ ಇಲ್ಲ. ಕೇಳಿದ್ದೀರಾ? ರೈಸ್ ಮಿಲ್ ಕೆಲಸ ನಿಂತಾಗ ನಮ್ಮ ಯಜಮಾನರು ಪಾತ್ರೆ ತೊಳೆಯುತ್ತಿದ್ದರು, ಆದರೆ ಬಾಗಿಲು ಹಾಕಿಕೊಂಡು. ಪಕ್ಕದ ಮನೆಯವರು ನೋಡಿಬಿಟ್ಟರೆ! ಇನ್ನೊಂದು ಮಾತು. ಕಟಿಂಗ್ ಮಾಸ್ಟರ್ ಮನೇಲೇ ಕೂತಿರುವಾಗ ನಿಮ್ಮ ಹೆಂಡತಿ ಬಟ್ಟೆಯನ್ನೂ ತಾವೇ ಕತ್ತರಿಸಿಕೊಳ್ಳುತ್ತಿದ್ದಾರಾ?
– ಗಂಗಾವತಿ

ನೀವು ನೋಡಿದ್ದು 1990ರ ಜನವರಿಯಲ್ಲಿ ಮೊದಲು ಪ್ರಸಾರವಾದ ಕಂತು. ಹೋಮರ್ ಕೆಲಸ ಹೋದದ್ದು ಹೇಗೆ, ನೆನಪಿದೆಯಾ? ಅಣು ಸ್ಥಾವರ ನೋಡಲು ಬಂದ ಮಗನಿಗೆ ಕೈ ಬೀಸಲು ಹೋಗಿ ಗಾಡಿ ಗುದ್ದಿಸುತ್ತಾನೆ. ಹೆಂಡತಿ ಮತ್ತೆ ಹೋಟೆಲಿನಲ್ಲಿ ಸಪ್ಲೈ ಕೆಲಸಕ್ಕೆ ಸೇರುತ್ತಾಳೆ. ಹುಂಡಿ ಒಡೆದ ಮೇಲೆ ಅವನು ಸಾಯಲು ಹೊರಡುತ್ತಾನೆ. ತಡೆಯಲು ಓಡಿ ಬಂದ ಮನೆಯವರ ಮೇಲೆಯೇ ಗಾಡಿ ನುಗ್ಗುತ್ತದೆ, ಅವರನ್ನು ಎಳೆದು ಉಳಿಸುತ್ತಾನೆ. ಆ ರಸ್ತೆಗೆ ಸ್ಟಾಪ್ ಬೋರ್ಡ್ ಬೇಕು ಅಂತ ಹಟ ಹಿಡಿಯುತ್ತಾನೆ. ತಲೆ ಎತ್ತಿ ನಿಂತದ್ದು ಅಲ್ಲಿ, ಕೈಯಲ್ಲಿ ಪೈಸೆ ಸಂಬಳ ಇಲ್ಲದಾಗ. ಕೊನೆಗೆ ದೊಡ್ಡ ಹುದ್ದೆ ಕೊಟ್ಟು ಮುಗಿಸಿದ್ದು ಮಾತ್ರ ನನಗೆ ಹಿಡಿಸಲಿಲ್ಲ. ನಮ್ಮ ಕಡೆ ಹಾಗೆಲ್ಲ ಆಗಲ್ಲ, ಅಲ್ವಾ?

ಮಾಳಿಗೆಯಲ್ಲಿ ನಿಮಗೂ ಕೆಟ್ಟ ಯೋಚನೆ ಬಂದಿದ್ದರೆ 14416ಕ್ಕೆ ಫೋನ್ ಮಾಡಿ. ಮನಸ್ಸಿನ ಕಷ್ಟ ಕೇಳುವ ಸರ್ಕಾರದ ಸಹಾಯವಾಣಿ, ಟೆಲಿ ಮಾನಸ್ ಅದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಆಮೇಲೆ ಉಳಿದರ್ಧ ಕಾರ್ಟೂನನ್ನು ಮಗನ ಪಕ್ಕ ಕೂತು ನೋಡಿ. ಅವನು ನಕ್ಕದ್ದು ಹೋಮರ್‌ಗೆ.
– ರಾಯಚೂರು