ಕಾಲೇಜು ಫುಟ್‌ಬಾಲ್ ತಂಡ: ಹೊಸ ಕೋಚ್‌ಗೆ ಒಂದು ಋತು ಸಾಕೇ?

ಪ್ರಶ್ನೆ (ಹಳೆಯ ವಿದ್ಯಾರ್ಥಿ, ಜಯನಗರ)

ನಾನು ಓದಿದ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಈ ವರ್ಷ ಹೊಸ ಮುಖ್ಯ ಕೋಚ್ ಬಂದಿದ್ದಾರೆ. ಹಿಂದಿನವರ ಕಾಲದಲ್ಲಿ ಗೋಲ್‌ಕೀಪರ್ ಚೆಂಡನ್ನು ದೂರಕ್ಕೆ ಒದೆಯುವುದು, ಎತ್ತರದ ಫಾರ್ವರ್ಡ್ ಅದನ್ನು ತಲೆಯಿಂದ ಇಳಿಸಿಕೊಡುವುದು, ಉಳಿದವರು ನುಗ್ಗುವುದು, ಇಷ್ಟೇ ನಮ್ಮ ಆಟವಾಗಿತ್ತು, ಸೊಗಸಿಲ್ಲದಿದ್ದರೂ ಗೆಲ್ಲುತ್ತಿದ್ದೆವು. ಹೊಸಬರು ಗೋಲ್ ಕಿಕ್‌ನಿಂದಲೇ (ನಮ್ಮ ಗೋಲಿನ ಬಳಿಯಿಂದ ಆಟ ಮತ್ತೆ ಶುರು ಮಾಡುವ ಒದೆತ) ಸಣ್ಣ ಪಾಸ್‌ಗಳಲ್ಲಿ ಆಟ ಕಟ್ಟಬೇಕೆಂದು ಪಟ್ಟು ಹಿಡಿದಿದ್ದಾರೆ. ಹೀಗಾಗಿ ನಮ್ಮದೇ ಗೋಲಿನ ಮುಂದಿನ ಪೆನಾಲ್ಟಿ ಆವರಣದ ಬಳಿ ಚೆಂಡು ಕಳೆದುಕೊಂಡು ಗೋಲು ಬಿಟ್ಟುಕೊಡುವುದು ಮಾಮೂಲಾಗಿದೆ. ದಸರಾ ರಜೆಯ ನಂತರ ಆಟ ಸುಧಾರಿಸಿದೆ, ಫಲಿತಾಂಶ ಸುಧಾರಿಸಿಲ್ಲ. ಅವರನ್ನು ಬದಲಿಸುವಂತೆ ಪ್ರಾಂಶುಪಾಲರಿಗೆ ಮನವಿ ಸಲ್ಲಿಸಲು ಹಳೆಯ ವಿದ್ಯಾರ್ಥಿಗಳ ಸಂಘದ ಕೆಲವರು ಹೊರಟಿದ್ದು, ನನ್ನ ಸಹಿಯನ್ನೂ ಕೇಳಿದ್ದಾರೆ. ಮೊದಲ ಋತುವನ್ನು ಯಾವ ಆಧಾರದ ಮೇಲೆ ತೂಗಬೇಕು?

ಉತ್ತರ (ಅಶೋಕನಗರ ಕ್ರೀಡಾಂಗಣದ ಪ್ರೇಕ್ಷಕ)

ಹೊಸ ಕೋಚ್ ಬಂದ ವರ್ಷವೇ ಪ್ರಶಸ್ತಿ ಬರಬೇಕೆಂಬ ನಿರೀಕ್ಷೆ ನಮ್ಮ ಊರಿನಲ್ಲಿ ಬೆಳೆದದ್ದಕ್ಕೆ ಕಾರಣವಿದೆ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ, ಆ್ಯಶ್ಲೆ ವೆಸ್ಟ್‌ವುಡ್ ಅವರ ತರಬೇತಿಯಲ್ಲಿ ಮೊದಲ ಪ್ರಯತ್ನದಲ್ಲೇ ದೇಶದ ಆಗಿನ ಅಗ್ರ ಲೀಗ್ ಆಗಿದ್ದ ಐ–ಲೀಗ್ ಗೆದ್ದಿತು. ಆದರೆ ಅಲ್ಲಿದ್ದವರು ಸುನಿಲ್ ಚೆಟ್ರಿಯವರಂತಹ ವೃತ್ತಿಪರರು. ಅಭ್ಯಾಸವೇ ಅವರ ಉದ್ಯೋಗವಾಗಿತ್ತು. ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿಯ ಕಥೆಯನ್ನೂ ನೆನೆಯಿರಿ. ಮೈಸೂರು ರಾಜ್ಯದ ಹೆಸರಿನಲ್ಲಿ 1968–69ರಲ್ಲಿ ಗೆದ್ದ ನಾವು, 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಮಣಿಸುವವರೆಗೆ 54 ವರ್ಷ ಕಾದೆವು. ಅಷ್ಟು ಕಾಲದಲ್ಲಿ ಕೋಚ್‌ಗಳು ಬದಲಾಗುತ್ತಲೇ ಇದ್ದರು, ಅದೊಂದರಿಂದಲೇ ಟ್ರೋಫಿ ಬರಲಿಲ್ಲ. ಸಹಿ ಹಾಕಬೇಡಿ.

ಉತ್ತರ (ದೈಹಿಕ ಶಿಕ್ಷಣ ಅಧ್ಯಾಪಕ, ಯಲಹಂಕ)

ಅಂಕಪಟ್ಟಿಯನ್ನು ಬದಿಗಿಟ್ಟು ಅಭ್ಯಾಸದ ಮೈದಾನಕ್ಕೆ ಹೋಗಿ ನೋಡಿ ಎಂಬುದು ನನ್ನ ಸಲಹೆ. ನಿಮ್ಮ ಕೋಚ್ ಹೇಳುತ್ತಿರುವುದು ಬರೀ ಹಟವಲ್ಲ. 2019ರ ನಿಯಮ ತಿದ್ದುಪಡಿಯ ನಂತರ ಗೋಲ್ ಕಿಕ್ ಅನ್ನು ಸಹ ಆಟಗಾರನು ಪೆನಾಲ್ಟಿ ಆವರಣದ ಒಳಗೇ ಪಡೆಯಬಹುದು. ಎದುರಾಳಿಗಳು ಮಾತ್ರ ಚೆಂಡು ಚಲಿಸುವವರೆಗೆ ಹೊರಗಿರಬೇಕು. ಅವರನ್ನು ಮುಂದಕ್ಕೆ ಸೆಳೆದು, ಅವರ ಬೆನ್ನ ಹಿಂದೆ ತೆರವಾಗುವ ಜಾಗವನ್ನು ಬಳಸಿಕೊಳ್ಳುವುದೇ ಈ ಆಟದ ತಿರುಳು. ಇದು ಕೈಗೂಡಬೇಕಾದರೆ ಮಿಡ್‌ಫೀಲ್ಡರ್ ಚೆಂಡು ಬರುವ ಮೊದಲೇ ತಲೆ ತಿರುಗಿಸಿ ಸುತ್ತ ನೋಡುವ ಅಭ್ಯಾಸ ಬೆಳೆಸಿಕೊಳ್ಳಬೇಕು, ಮತ್ತು ಆ ಅಭ್ಯಾಸ ವಾರಗಳಲ್ಲಿ ಬರುವಂಥದ್ದಲ್ಲ. ನಿಮ್ಮ ಹುಡುಗರು ಹಾಗೆ ನೋಡುತ್ತಿದ್ದಾರೆಯೇ? ಚೆಂಡು ಕಳೆದುಕೊಂಡ ಕೂಡಲೇ ಹತ್ತಿರದ ಇಬ್ಬರು ಮೂವರು ಅದರ ಬೆನ್ನು ಹತ್ತುತ್ತಾರೆಯೇ? ಬೆಂಚಿನಲ್ಲಿ ಕೂತವರಿಗೆ ಆಡಲು ಸಮಯ ಸಿಗುತ್ತಿದೆಯೇ? ಕಾಲೇಜು ತಂಡದಲ್ಲಿ ಕೊನೆಯ ವರ್ಷದವರು ಪ್ರತಿ ಬೇಸಿಗೆಯಲ್ಲೂ ಹೊರಟುಹೋಗುವುದರಿಂದ ಈ ಕೊನೆಯ ಪ್ರಶ್ನೆಯನ್ನೇ ನಾನು ಎಲ್ಲಕ್ಕಿಂತ ಮುಖ್ಯವೆಂದು ಎಣಿಸುತ್ತೇನೆ. ಇಂಟರ್ನಲ್ ಪರೀಕ್ಷೆಗಳ ವಾರದಲ್ಲಿ ಅಭ್ಯಾಸ ನಿಂತುಹೋಗುವುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಉತ್ತರ (ಡಿಫೆಂಡರ್, ಅಂತಿಮ ಬಿ.ಕಾಂ.)

ಹಿರಿಯರ ಮಾತನ್ನು ಗೌರವಿಸುತ್ತಲೇ ಭಿನ್ನಾಭಿಪ್ರಾಯ ಹೇಳುತ್ತೇನೆ. ಅಶೋಕನಗರದ ಕೃತಕ ಹುಲ್ಲಿನ ಮೇಲೆ ಚೆಂಡು ನೇರವಾಗಿ ಉರುಳುತ್ತದೆ. ನಾವು ಹೆಚ್ಚಾಗಿ ಆಡುವ ಮಣ್ಣಿನ ಮೈದಾನಗಳಲ್ಲಿ, ಅದರಲ್ಲೂ ಮಳೆ ನಿಂತು ಕುಳಿಗಳು ಗಟ್ಟಿಯಾದ ಮೇಲೆ, ಸಣ್ಣ ಪಾಸ್ ಕೂಡ ಕಾಲಿಗೆ ಬರುವ ಮುನ್ನ ಪುಟಿದು ದಿಕ್ಕು ತಪ್ಪುತ್ತದೆ. ಅಂತಹ ಕಡೆಯೂ ಹಿಂದಿನಿಂದಲೇ ಕಟ್ಟಿ ಎಂದರೆ ತಪ್ಪು ಡಿಫೆಂಡರ್‌ನದ್ದಾಗಿ ಕಾಣುತ್ತದೆ, ಬೈಗುಳವೂ ಅವನಿಗೇ. ಮೈದಾನ ನೋಡಿ ಆಟ ಬದಲಿಸುವುದೂ ಕೋಚ್ ಅವರ ಕೆಲಸ. ಸಮಯ ಕೊಡೋಣ, ಆದರೆ ಈ ಪ್ರಶ್ನೆಯನ್ನು ಅವರ ಮುಂದಿಡುವವರು ಯಾರಾದರೂ ಇರಬೇಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಮನವಿಗೆ ಸಹಿ ಹಾಕುವುದಿಲ್ಲವೆಂದು ಸಂಘಕ್ಕೆ ತಿಳಿಸಿದ್ದೇನೆ. ಬದಲಿಗೆ ಕೋಚ್ ಅವರನ್ನೇ ಒಮ್ಮೆ ಸಭೆಗೆ ಕರೆದು, ಮಣ್ಣಿನ ಮೈದಾನದ ವಿಷಯವನ್ನು ಅವರ ಎದುರೇ ಕೇಳೋಣವೆಂದೂ, ನಮ್ಮ ಮೈದಾನಕ್ಕೆ ರೋಲರ್ ಹಾಕಿಸುವ ಖರ್ಚನ್ನು ಸಂಘವೇ ಭರಿಸಲಿ ಎಂದೂ ಸೂಚಿಸಿದ್ದೇನೆ.