ಸಹಾಯ ಬೇಕು: ಗೇಮ್ ಇಟ್ಕೊಳ್ಳಲೋ, ದುಡ್ಡು ವಾಪಸ್ ಕೇಳಲೋ?

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಹತ್ತಿರದ ಹಳ್ಳಿಯವನು. ಟ್ರೇಲರ್ ನೋಡಿ ಮರುಳಾಗಿ 2,499 ರೂಪಾಯಿ ಕೊಟ್ಟು ಹೊಸ ಗೇಮ್ ಒಂದನ್ನು ಆನ್‌ಲೈನಿನಲ್ಲಿ ಕೊಂಡೆ. 90 ಜಿಬಿ. ಈ ಮಳೆಯಲ್ಲಿ ಕರೆಂಟು, ನೆಟ್ಟು ಎರಡೂ ಕಣ್ಣಾಮುಚ್ಚಾಲೆ, ಇಳಿಸಿಕೊಳ್ಳಲು ನಾಲ್ಕು ರಾತ್ರಿ ಬೇಕಾಯಿತು. ಅಪ್ಪ ತೋಟದ ಮೋಟರಿಗಿಂತ ಇದಕ್ಕೇ ಜಾಸ್ತಿ ಕರೆಂಟು ಅಂತ ಗೊಣಗಿದರು.

ಶುರುವಿನ ಕಾಡು ಚೆನ್ನಾಗಿಯೇ ಓಡುತ್ತದೆ. ಪೇಟೆ ಬಂದ ಕೂಡಲೇ 15 ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಬರೇ 15 ಚಿತ್ರ, ತಡೆತಡೆದು ಓಡುತ್ತದೆ. ಕುದುರೆ ನೆಲದೊಳಗೆ ಅರ್ಧ ಹೂತುಕೊಂಡೇ ನಡೆಯುತ್ತದೆ! ನನ್ನದು 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್ ಲ್ಯಾಪ್‌ಟಾಪ್. ಕನಿಷ್ಠ ಇಷ್ಟು ಸಾಕು ಅಂತ ಅವರೇ ಬರೆದಿದ್ದರು. ಸೆಟ್ಟಿಂಗ್ ಎಲ್ಲ ಲೋ ಮಾಡಿದೆ, ರೆಸಲ್ಯೂಷನ್ 720ಪಿಗೆ ಇಳಿಸಿದೆ, ಡ್ರೈವರ್ ಅಪ್‌ಡೇಟ್ ಮಾಡಿದೆ. ಡ್ರೈವರ್ ಬದಲಾದದ್ದಕ್ಕೆ ಶೇಡರ್ ಕಂಪೈಲ್ (ಗ್ರಾಫಿಕ್ಸ್ ಕಾರ್ಡಿಗೆ ತಕ್ಕಂತೆ ಗೇಮ್ ಮಾಡಿಕೊಳ್ಳುವ ತಯಾರಿ) ಮತ್ತೆ ಮೊದಲಿನಿಂದ, 25 ನಿಮಿಷ ಸುಮ್ನೆ ಹೋಯಿತು.

ತಲೆಬಿಸಿ ಇರುವುದೇ ಇಲ್ಲಿ. ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಮಾತ್ರ ರೀಫಂಡ್. ಕಂಪೈಲ್ ಹೊತ್ತೂ ಲೆಕ್ಕಕ್ಕೆ ಸೇರಿ ನನ್ನದು 1 ಗಂಟೆ 48 ನಿಮಿಷ ತೋರಿಸುತ್ತಿದೆ. ಇವತ್ತಿಗೆ 11ನೇ ದಿನ. ದೋಷ ಸರಿಮಾಡುವ ಪ್ಯಾಚ್ ಬಂದರೂ ಪೇಟೆಯವರೆಗೆ ಹೋಗಿ ನೋಡುವಷ್ಟರಲ್ಲಿ 2 ಗಂಟೆ ದಾಟುತ್ತದೆ.

2020ರಲ್ಲಿ ಸೈಬರ್‌ಪಂಕ್ 2077 ಅನ್ನೋ ಗೇಮ್ ಬಂದಾಗಲೂ ಹೀಗೇ ಗಲಾಟೆ, ಸೋನಿ ತನ್ನ ಸ್ಟೋರಿನಿಂದಲೇ ತೆಗೆದಿತ್ತು. ಆಮೇಲೆ ಅದು ಸರಿಯಾಯಿತು, ಆದರೆ ವರ್ಷಗಳೇ ಹಿಡಿದವು ಅಲ್ವಾ?

4 ಜಿಬಿ ಕಾರ್ಡಿನಲ್ಲಿ ಇಂಥ ದೊಡ್ಡ ಗೇಮ್ ಸರಿಮಾಡಿಕೊಂಡವರು ಹೇಳಿ: ನಾನು ಬಿಟ್ಟಿರುವ ಸೆಟ್ಟಿಂಗ್ ಏನಾದರೂ ಇದೆಯಾ, ಇಲ್ಲ ಇವತ್ತೇ ರೀಫಂಡ್ ಹಾಕಿಬಿಡಲಾ?